ಏನೂ ಇಲ್ಲದ ಪಾರ್ಸೆಲ್

ಪೊಟ್ಟಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದು ಈಗ ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಊರಿನ ಮೊಟ್ಟೆ ಡಿಪೋದಲ್ಲಿ ಇಪ್ಪತ್ತೆರಡು ವರ್ಷ ಪೊಟ್ಟಣ ಕಟ್ಟಿ ಕಟ್ಟಿ ಅವನು ಜನರ ಬಾಯಲ್ಲಿ ಪೊಟ್ಟಣ್ಣನಾಗಿ ನಿಂತಿದ್ದ. ಸುತ್ತಲಿನ ಹಳ್ಳಿಗಳಿಂದ ಬುಟ್ಟಿಯಲ್ಲಿ ಬಂದ ಮೊಟ್ಟೆಗಳು ಅವನ ಕೈಯಲ್ಲಿ ಹುಲ್ಲು, ರಟ್ಟುಗಳ ನಡುವೆ ಕೂತು, ಗುಂಡಿಬಿದ್ದ ರಸ್ತೆಯಲ್ಲಿ ಲಾರಿ ಕುಲುಕಿದಷ್ಟೂ ಕುಲುಕಿಸಿಕೊಂಡು, ಇಟ್ಟ ಹಾಗೇ ಪಟ್ಟಣ ಸೇರುತ್ತಿದ್ದವು. ಇಷ್ಟು ವರ್ಷದಲ್ಲಿ ಅವನು ಕಟ್ಟಿದ್ದರಲ್ಲಿ ಒಡೆದದ್ದು ಮೂರೇ ಮೊಟ್ಟೆ. ಆ ಮೂರೂ ಒಡೆದ ದಿನ, ವಾರ, ಲಾರಿ ಓಡಿಸಿದವನು ಯಾರು ಎಂಬುದೆಲ್ಲ ಅವನಿಗೆ ನೆನಪಿತ್ತು. ಮಾತಿನ ನಡುವೆ ಆ ಸುದ್ದಿ ಬಂದರೆ ತೀರಿಹೋದ ನೆಂಟರನ್ನು ನೆನೆದವನಂತೆ ದನಿ ತಗ್ಗಿಸುತ್ತಿದ್ದ.

ಈ ಕೈಗುಣ ಡಿಪೋದ ಬಾಗಿಲಲ್ಲೇ ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಪಕ್ಕದ ಮನೆಯ ಟೈಲರು ಒಮ್ಮೆ ಮಳೆ ಬರುತ್ತಿದೆಯೆಂದು ಕೊಡೆ ಕೇಳಿದರೆ, ಪೊಟ್ಟಣ್ಣ ಅದನ್ನು ಕಾಗದ ಸುತ್ತಿ, ಹುರಿ ಬಿಗಿದು, ತುದಿಗೆ ರಟ್ಟಿನ ಟೊಪ್ಪಿ ಹಾಕಿ ಕೊಡುವಷ್ಟರಲ್ಲಿ ಮಳೆ ನಿಂತು ಬಿಸಿಲು ಬಂದಿತ್ತು. ಹೆಂಡತಿಗೆ ತವರಿನವರು ಕೊಟ್ಟಿದ್ದ ಚಿನ್ನದ ಸರವನ್ನು ಆರು ವರ್ಷದ ಹಿಂದೆ, ಓಣಿಯಲ್ಲಿ ಕಳ್ಳರ ಭಯವಿದ್ದಾಗ, ಭದ್ರವಾಗಿರಲೆಂದು ಕಟ್ಟಿಟ್ಟಿದ್ದ. ಬಿಚ್ಚಿಕೊಡಿ ಎಂದರೆ ಇಲ್ಲ ಎಂದವನಲ್ಲ. ಆದರೆ ಬಿಚ್ಚುವಾಗ ಹಳೆಯ ಕಟ್ಟಿನಲ್ಲಿ ಏನಾದರೊಂದು ತಪ್ಪು ಕಣ್ಣಿಗೆ ಬಿದ್ದು, ಅಲ್ಲೇ ಕೂತು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಡುತ್ತಿದ್ದ. ಸರ ಭದ್ರವಾಗಿದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದನ್ನು ಆಮೇಲೆ ಅವಳ ಕೊರಳಲ್ಲಿ ಕಂಡವರೂ ಇರಲಿಲ್ಲ.

ಇಂಥವನು ಉದ್ಯಮಿಯಾಗಲು ಹೊರಟದ್ದಕ್ಕೆ ಕಾರಣ ಕೈಗಾರಿಕೆ ಮೇಡಂ.

ಮೇಡಂ ಆ ಊರಿನ ಕೈಗಾರಿಕಾ ಕಚೇರಿಗೆ ಹೊಸದಾಗಿ ಬಂದಿದ್ದರು. ಹೊಸ ಉದ್ಯಮಿಗಳನ್ನು ಪ್ಯಾಕೇಜಿಂಗ್ ಉದ್ಯಮಕ್ಕೆ ಸೆಳೆಯಬೇಕು, ವರ್ಷದೊಳಗೆ ಕನಿಷ್ಠ ಹತ್ತು ಮಂದಿಯನ್ನಾದರೂ ಹುಟ್ಟಿಸಬೇಕು ಎಂದು ಅವರಿಗೆ ಮೇಲಿನ ಅಪ್ಪಣೆಯಾಗಿತ್ತು. ಎಂಟು ತಿಂಗಳು ಕಳೆದಿತ್ತು, ಒಬ್ಬನೂ ಹುಟ್ಟಿರಲಿಲ್ಲ. ಬಂದವರೆಲ್ಲ ಹೋಟೆಲು ಹಾಕುತ್ತೇನೆ, ಮೊಬೈಲ್ ಅಂಗಡಿ ಇಡುತ್ತೇನೆ ಎನ್ನುವವರೇ. ಕಡೆಗೆ ಮೇಡಂ ಪುರಭವನದಲ್ಲಿ ಒಂದು ಸಭೆ ಕರೆದರು. ನೂರು ಕುರ್ಚಿ ಹಾಕಿಸಿದ್ದರು, ಹದಿನಾಲ್ಕು ಜನ ಬಂದಿದ್ದರು, ಅವರಲ್ಲಿ ಒಂಬತ್ತು ಜನ ಫ್ಯಾನಿನ ಗಾಳಿಗೆ ಬಂದವರು. ಹುಲ್ಲಿನ ಹೊರೆಗೆ ಹೇಳಿ ಹಿಂತಿರುಗುತ್ತಿದ್ದ ಪೊಟ್ಟಣ್ಣ ಹದಿನಾಲ್ಕನೆಯವನಾಗಿ ಹಿಂದಿನ ಸಾಲಿನಲ್ಲಿ ಕೂತ.

ಮೇಡಂ ಕಾಗದ ನೋಡದೆ ಮಾತಾಡಿದರು. "ಬೆಳೆಯೋರು ಒಬ್ಬರು, ಕೊಳ್ಳೋರು ಇನ್ನೊಬ್ಬರು. ನಡುದಾರಿಯಲ್ಲಿ ಒಡೆದು, ಕೊಳೆತು, ಚೆಲ್ಲಿ ಹೋಗೋದಕ್ಕೆ ಮಾತ್ರ ಅಪ್ಪನೂ ಇಲ್ಲ ಅಮ್ಮನೂ ಇಲ್ಲ. ಅದನ್ನ ಕಾಯೋನೇ ಪ್ಯಾಕೇಜಿಂಗ್ ಉದ್ಯಮಿ."

ಪೊಟ್ಟಣ್ಣನಿಗೆ ತನ್ನನ್ನು ಯಾರೋ ಹೆಸರು ಹಿಡಿದು ಕರೆದಂತಾಯಿತು. ಎದ್ದು ನಿಂತು, ಬರೀ ಕಟ್ಟುವುದಕ್ಕೂ ಕೈಗಾರಿಕೆ ಎನ್ನುತ್ತಾರೆಯೇ ಎಂದು ಕೇಳಿದ. ಹೌದು ಎಂದರು ಮೇಡಂ. ಮಾದರಿ ಒಪ್ಪಿಗೆಯಾದರೆ ಊರ ಹೊರಗಿನ ಖಾಲಿ ಶೆಡ್ಡು, ಒಂದು ರಟ್ಟು ಒತ್ತುವ ಯಂತ್ರ ಎರಡನ್ನೂ ಸರ್ಕಾರವೇ ಕೊಡುತ್ತದೆ ಎಂದೂ ಸೇರಿಸಿದರು. ಎಂಟು ತಿಂಗಳಲ್ಲಿ ತಮಗೆ ಬಂದ ಮೊದಲ ಪ್ರಶ್ನೆ ಅದಾಗಿದ್ದರಿಂದ ಅವರ ಕಣ್ಣೂ ಸ್ವಲ್ಪ ಒದ್ದೆಯಾಗಿತ್ತೆಂದು ಫ್ಯಾನಿನ ಕೆಳಗಿದ್ದವರು ಆಮೇಲೆ ಹೇಳಿದರು.

ಸಂಜೆ ಪೊಟ್ಟಣ್ಣ ಮನೆಗೆ ಬರುವಾಗ ಅವನ ನಡಿಗೆಯೇ ಬದಲಾಗಿತ್ತು. ಕೈ ಹಿಂದಕ್ಕೆ ಕಟ್ಟಿಕೊಂಡು, ಯೋಚಿಸುವವರು ನಡೆಯುವ ಹಾಗೆ ನಿಧಾನವಾಗಿ ನಡೆದ. ಇನ್ನು ತಾನು ಉದ್ಯಮಿ ಎಂದು ಹೆಂಡತಿಗೆ ತಿಳಿಸಿದ.

"ಸರಿ," ಎಂದಳು ಆಕೆ. "ಉದ್ಯಮಿ ಆದೋರು ನಲ್ಲಿ ನೀರು ಹಿಡಿಯೋ ಹಾಗಿಲ್ಲ ಅಂತ ಏನಾದ್ರೂ ಕಾನೂನಿದ್ಯಾ? ಇಲ್ಲದಿದ್ರೆ ಕೊಡ ಅಲ್ಲಿದೆ."

ಮಾದರಿಯನ್ನು ಅವನು ಮೊದಲು ತೆಗೆದುಕೊಂಡು ಹೋದದ್ದು ಕಚೇರಿಯ ಗುಮಾಸ್ತರ ಹತ್ತಿರ. ಒಳಗೆ ಒಂದು ಮೊಟ್ಟೆ ಇಟ್ಟಿದ್ದ. ಗುಮಾಸ್ತರು ಕಟ್ಟು ಬಿಚ್ಚಿಸಿ ನೋಡಿದರು, ಮೊಟ್ಟೆ ಕಂಡಿತು, ಕೋಳಿ ಸಾಕಣೆ ಎಂಬ ಕಲಮಿನಲ್ಲಿ ಅವನ ಹೆಸರು ಬರೆದು ಪಶುಸಂಗೋಪನೆ ಕಚೇರಿಗೆ ಕಳಿಸಿದರು. ಅಲ್ಲಿಯವರು ಕೋಳಿ ಎಷ್ಟಿವೆ ಎಂದರು. ಒಂದೂ ಇಲ್ಲ ಎಂದ. ಕೋಳಿಯಿಲ್ಲದೆ ಮೊಟ್ಟೆ ಹೇಗೆ ಬಂತು ಎಂದು ಅವರು ಎರಡು ಕಾಗದ ಬರೆದರು. ಆ ಕಲಮಿನಿಂದ ಬಿಡಿಸಿಕೊಂಡು ಈಚೆ ಬರಲು ಪೊಟ್ಟಣ್ಣನಿಗೆ ಮೂರು ವಾರ ಹಿಡಿಯಿತು. ಇದರಿಂದ ಅವನು ಒಂದು ಪಾಠ ಕಲಿತ. ಒಳಗೆ ಏನಾದರೂ ಇಟ್ಟರೆ ನೋಡುವವನ ಕಣ್ಣು ಅದರ ಮೇಲೇ ಬೀಳುತ್ತದೆ, ಕಟ್ಟನ್ನು ಯಾರೂ ನೋಡುವುದಿಲ್ಲ. ತಾನು ಮಾರುವುದು ಕಟ್ಟನ್ನು. ಆದ್ದರಿಂದ ಒಳಗೆ ಏನೂ ಇಡಬಾರದು.

ಈ ಸಲ ಮಾದರಿ ರಾಜಧಾನಿಯ ಮುಖ್ಯ ಕಚೇರಿಗೆ ಅಂಚೆಯಲ್ಲಿ ಹೋಗಬೇಕಿತ್ತು. ಡಿಪೋಗೆ ರಜೆ ಹಾಕಿ ಒಂಬತ್ತು ದಿನ ಕೂತ. ಮೆಕ್ಕೆಜೋಳದ ಸಿಪ್ಪೆ ನೆನೆಸಿ, ಕುಟ್ಟಿ, ಹಲಗೆಯ ಮೇಲೆ ಬಡಿದು ಒಣಗಿಸಿ ಹೊರಗಿನ ರಟ್ಟು ಮಾಡಿದ. ನಡುವೆ ಹಳೆಯ ಹುಲ್ಲಿನ ಜಡೆ ಸುತ್ತಿದ. ಒಳಗಿನ ಗೂಡಿಗೆ ಕೆರೆಯಂಚಿನ ಎಳೆಹುಲ್ಲನ್ನು ನೆರಳಲ್ಲಿ ಬಾಡಿಸಿ, ಎಳೆ ಎಳೆಯಾಗಿ ನಿಲ್ಲಿಸಿ ನೆಯ್ದ. ಮೊಳೆಯಿಲ್ಲ, ಅಂಟಿಲ್ಲ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಮಾಡಿದ, ಅದು ಅವನ ಅಭ್ಯಾಸ. ಒಂಬತ್ತನೆಯ ದಿನ ಅಂಗಳದಲ್ಲಿಟ್ಟು ನೋಡಿದಾಗ ಯಾವಾಗಲೂ ಕೊಂಕು ಆಡುವ ಟೈಲರು ಕೂಡ ಸುತ್ತ ಒಂದು ಸುತ್ತು ಬಂದು, ಹೊಲಿಗೆ ಎಲ್ಲಿದೆ ಎಂದು ಹುಡುಕಿ, ಕಾಣದೆ, ಸುಮ್ಮನೆ ಹೋದ.

ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೆಗೆದುಕೊಂಡವನು ಅವನ ಭಾಮೈದ, ಹೆಂಡತಿಯ ತಮ್ಮ. ಹದಿನಾಲ್ಕು ವರ್ಷದಿಂದ ಅಲ್ಲಿ ಹಂಗಾಮಿ ಕೆಲಸ. ಚೀಲ ಹೊತ್ತು ಹೊತ್ತು ಅವನ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು. ಈ ವರ್ಷ ಕಾಯಂ ಮಾಡುವ ಪಟ್ಟಿಯಲ್ಲಿ ಮೂರನೆಯ ಹೆಸರು ಅವನದು. ಆರು ವಾರದಲ್ಲಿ ಆಜ್ಞೆ ಬರುವುದಿತ್ತು. ಫಾರಂ ತುಂಬುತ್ತ, ಒಳಗೇನಿದೆ ಭಾವ ಎಂದು ಕೇಳಿದ.

ಏನೂ ಇಲ್ಲ ಎಂದು ಹೇಳಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹಿಂದೆ ಸರತಿಯಲ್ಲಿ ನಾಲ್ಕು ಜನ ನಿಂತಿದ್ದರು. ಉದ್ಯಮಿಯಾದವನು ಅವರ ಮುಂದೆ ಏನೂ ಇಲ್ಲ ಎನ್ನುವುದು ಹೇಗೆ? ಪೊಟ್ಟಣ್ಣ ಗಂಟಲು ಸರಿಮಾಡಿಕೊಂಡು, ಅದು ವ್ಯಾಪಾರದ ಗುಟ್ಟು ಎಂದ. ಒಳಗಿರುವ ವಸ್ತು ಎಂಬಲ್ಲಿ 'ಅತಿ ಸೂಕ್ಷ್ಮ' ಎಂದು ತಾನೇ ಬರೆದ. ಬೆಲೆ ಎಂಬಲ್ಲಿ 'ಕಟ್ಟಲಾಗದು' ಎಂದು ಬರೆದು, ಕೆಳಗೆ ಗೆರೆ ಎಳೆದ. ಭಾಮೈದ ಪಾರ್ಸೆಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಬಸ್ಸಿನವರೆಗೆ ತಾನೇ ಹೊತ್ತು, ಅಂಚೆ ಚೀಲದಲ್ಲಿ ಕೂರಿಸಿ ಬಂದ.

ಹದಿನೈದು ದಿನಕ್ಕೆ ಮುಖ್ಯ ಕಚೇರಿಯಿಂದ ಪತ್ರ ಬಂತು. ಪಾರ್ಸೆಲ್ ಕಟ್ಟು ಸಡಿಲದೆ ತಲುಪಿದೆ. ಬಡಗಿಯೊಬ್ಬರ ನೆರವಿನಿಂದ ಮುಚ್ಚಳ ತೆರೆಯಲಾಗಿದೆ. ಒಳಗೆ ಬೆಲೆ ಕಟ್ಟಲಾಗದ ಅತಿ ಸೂಕ್ಷ್ಮ ವಸ್ತು ಕಂಡುಬಂದಿಲ್ಲ. ದಾರಿಯಲ್ಲಿ ಅಪಹರಣವಾಗಿರುವ ಸಂಭವವಿದೆ. ಸಾಕ್ಷ್ಯವನ್ನು ಯಾರೂ ಮುಟ್ಟದಂತೆ ಹಾಗೆಯೇ ಮೊಹರು ಮಾಡಿ ಹಿಂದಿರುಗಿಸಲಾಗಿದೆ. ತನಿಖೆಯಾಗಲಿ.

ತನಿಖೆಯ ಮೊದಲ ಫಲವಾಗಿ ಭಾಮೈದನ ಹೆಸರನ್ನು ಕಾಯಂ ಪಟ್ಟಿಯಿಂದ ಸದ್ಯಕ್ಕೆ ತೆಗೆದಿಟ್ಟರು.

ಊರಿಗೆ ಊರೇ ಎದ್ದು ಕೂತಿತು. ಪೋಸ್ಟ್ ಮಾಸ್ಟರ್ ಕಂಡಕಂಡವರಿಗೆ ಹೇಳಿದರು, ಮೂವತ್ತು ವರ್ಷದ ಸರ್ವಿಸಿನಲ್ಲಿ ಇಂಥ ಕಳ್ಳತನ ನೋಡಿಲ್ಲ, ಅಲ್ಲಿ ತಲುಪಿದಾಗ ಹೊರಗೆ ಒಂದು ಗೀರು ಬಿದ್ದಿರಲಿಲ್ಲ, ಹುರಿ ಸಡಿಲವಾಗಿರಲಿಲ್ಲ, ಮೊಹರು ಮೊಹರಿನ ಹಾಗೇ ಇತ್ತು, ಒಳಗಿನದು ಮಾತ್ರ ಮಂಗಮಾಯ. ಹದಿನಾಲ್ಕು ವರ್ಷ ಚೀಲ ಹೊತ್ತವನ ಕೈಯಲ್ಲಿ ಇಂಥ ಕಲೆ ಅಡಗಿತ್ತೇ ಎಂದು ಜನ ಬೆರಗಾದರು. ಭಾಮೈದ ದಾರಿಯಲ್ಲಿ ಬಂದರೆ ಅಂಗಡಿಯವರು ಗಲ್ಲಾಪೆಟ್ಟಿಗೆ ಮುಚ್ಚುತ್ತಿದ್ದರು, ಮುಚ್ಚಿ ಗೌರವದಿಂದ ಎದ್ದು ನಿಲ್ಲುತ್ತಿದ್ದರು.

ಒಳಗೆ ಇದ್ದದ್ದೇನು ಎಂಬುದರಲ್ಲಿ ಎರಡು ಪಕ್ಷವಾಯಿತು. ಕ್ಷೌರದಂಗಡಿಯವರು ನೀಲಮಣಿ ಎಂದರು. ಟೈಲರಿನ ಹೆಂಡತಿ, ಆ ಮನೆಯಲ್ಲಿ ಚಿನ್ನದ ಸರ ಒಂದಿತ್ತಲ್ಲ, ಆರು ವರ್ಷದಿಂದ ಯಾರಾದರೂ ನೋಡಿದ್ದೀರಾ ಎಂದಳು. ಮಾತು ಪೊಟ್ಟಣ್ಣನ ಹೆಂಡತಿಯ ಕಿವಿಗೆ ಬಿದ್ದು, ಆಕೆ ಗಂಡನನ್ನು ಕೂರಿಸಿ, ಕಟ್ಟಿನ ತಪ್ಪು ಹುಡುಕಲು ಬಿಡದೆ, ಎದುರಿಗೇ ಬಿಚ್ಚಿಸಿದಳು. ಹನ್ನೊಂದು ಸುತ್ತಿನ ಕೆಳಗೆ ಸರ ಕೊಟ್ಟ ದಿನದ ಹಾಗೇ ಹೊಳೆಯುತ್ತಿತ್ತು. ಓಣಿಯೆಲ್ಲ ಬಂದು ನೋಡಿತು. ನೋಡಿ, ಸರ ಇಲ್ಲೇ ಇದೆ ಅಂದಮೇಲೆ ಪಾರ್ಸೆಲ್ಲಿನಲ್ಲಿ ಇದ್ದದ್ದು ಸರಕ್ಕಿಂತ ದೊಡ್ಡದೇ ಇರಬೇಕು ಎಂದು ತೀರ್ಮಾನಿಸಿ ಹೋಯಿತು.

ಪೊಟ್ಟಣ್ಣ ನಿಜ ಹೇಳದೆ ಇರಲಿಲ್ಲ. ಸಿಕ್ಕಸಿಕ್ಕವರಿಗೆಲ್ಲ, ಒಳಗೆ ಏನೂ ಇರಲಿಲ್ಲ, ಖಾಲಿ ಕಟ್ಟಿದ್ದೆ ಎಂದ. ಅದೇ ಎಡವಟ್ಟಾಯಿತು. ಒಂಬತ್ತು ದಿನ ಕೂತು ಏನೂ ಇಲ್ಲದ್ದನ್ನು ಕಟ್ಟುವವನು ಯಾರಾದರೂ ಇದ್ದಾನೆಯೇ? ಭಾಮೈದನನ್ನು ಉಳಿಸಲು ಪಾಪ ಸುಳ್ಳು ಹೇಳುತ್ತಿದ್ದಾನೆ ಎಂದು ಜನ ಮರುಗಿದರು. ಹೆಂಡತಿಯ ತಮ್ಮನಿಗಾಗಿ ಬೆಲೆ ಕಟ್ಟಲಾಗದ ಸೊತ್ತನ್ನು ಬಿಟ್ಟುಕೊಟ್ಟ ದೊಡ್ಡ ಮನಸ್ಸು ಎಂದು ಹೊಗಳಿದರು. ಅವನು ನಿಜ ಹೇಳಿದಷ್ಟೂ ಅವನ ಕೀರ್ತಿ ಬೆಳೆಯಿತು, ಭಾಮೈದನ ಕಳ್ಳತನ ಗಟ್ಟಿಯಾಯಿತು. ಡಿಪೋದ ಯಜಮಾನರು ಅವನ ಬೆನ್ನು ತಟ್ಟಿ, ನಿನ್ನಂಥ ಸುಳ್ಳುಗಾರ ಮನೆಗೊಬ್ಬ ಇರಬೇಕು ಎಂದು ಕಣ್ಣೊರೆಸಿಕೊಂಡರು.

ಭಾಮೈದ ಒಂದು ಮಧ್ಯಾಹ್ನ ಮನೆಗೆ ಬಂದು ಹೊಸ್ತಿಲ ಈಚೆಯೇ ಕೂತ. ಅಕ್ಕ ಕೊಟ್ಟ ನೀರು ಕುಡಿಯಲಿಲ್ಲ.

"ಭಾವ, ನೀವು ನನಗೋಸ್ಕರ ಸುಳ್ಳು ಹೇಳೋದು ಬೇಡ," ಎಂದ. "ಒಳಗೆ ಏನಿತ್ತು ಅಂತ ಹೇಳಿಬಿಡಿ. ಅದು ಸಿಗೋವರೆಗೂ ಹುಡುಕ್ತೀನಿ. ಹದಿನಾಲ್ಕು ವರ್ಷದಲ್ಲಿ ಒಂದು ಕಾರ್ಡು ಕಳೆದಿಲ್ಲ ನಾನು."

"ಏನೂ ಇರಲಿಲ್ಲ ಕಣೋ."

"ನೋಡಿ, ಮತ್ತೆ ಅದೇ."

ಹೆಂಡತಿ ಇಬ್ಬರ ಮುಖವನ್ನೂ ನೋಡಿದಳು. ಇಪ್ಪತ್ತು ವರ್ಷ ಬಾಳಿದವಳಿಗೆ ಗಂಡನ ಸುಳ್ಳು ಹೇಗಿರುತ್ತದೆಂದು ಗೊತ್ತಿತ್ತು; ಸುಳ್ಳು ಹೇಳುವಾಗ ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಈಗ ಮಾಡಿಕೊಂಡಿರಲಿಲ್ಲ. "ಇವರು ಹೇಳ್ತಿರೋದು ನಿಜ," ಎಂದಳು. "ಇಂಥ ನಿಜ ಹೇಳೋದಕ್ಕೆ ಇವರೊಬ್ಬರೇ ಇರೋದು ಈ ಭೂಮಿ ಮೇಲೆ. ಆದ್ರೆ ರೀ, ನನ್ನ ತಮ್ಮನ ಕೆಲಸ ಹೋದ್ರೆ ನೀವು ಉದ್ಯಮಿ ಆಗಿ ಏನು ಮಾಡ್ತೀರಿ ಅಂತ ನಾನೂ ನೋಡ್ತೀನಿ."

ತನಿಖೆಗೆ ಅಂಚೆ ಇನ್ಸ್‌ಪೆಕ್ಟರ್ ಬಂದರು. ಅಂಚೆ ಕಚೇರಿಯ ಉದ್ದದ ಮೇಜಿನ ಮೇಲೆ ಮೊಹರು ಮಾಡಿದ ಪಾರ್ಸೆಲ್ ಇಟ್ಟಿದ್ದರು. ಒಂದು ಕಡೆ ಪೋಸ್ಟ್ ಮಾಸ್ಟರ್, ಇನ್ನೊಂದು ಕಡೆ ಕೈಗಾರಿಕೆ ಮೇಡಂ. ಅವರಿಗೆ ಸಿಕ್ಕಿದ್ದ ಒಬ್ಬನೇ ಒಬ್ಬ ಉದ್ಯಮಿ ಹೀಗೆ ಕೈ ತಪ್ಪುವಂತಾಗಿದ್ದರಿಂದ ಅವರ ಮುಖ ಬಾಡಿತ್ತು. ಕಿಟಕಿ ಬಾಗಿಲ ತುಂಬ ಊರಿನ ತಲೆಗಳು.

ಇನ್ಸ್‌ಪೆಕ್ಟರು ಕ್ರಮವಾಗಿ ಹೋಗುವ ಮನುಷ್ಯ. ಪಾರ್ಸೆಲ್ ತೂಗಿಸಿದರು. ರಸೀದಿಯಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ ಇತ್ತು. ಪೊಟ್ಟಣ್ಣನಿಗೆ ಜೀವ ಬಂದಂತಾಯಿತು, ಹಾಗಿದ್ದರೆ ಏನೂ ಹೋಗಿಲ್ಲವಲ್ಲ ಎಂದ.

"ಹಾಗಲ್ಲ," ಎಂದರು ಇನ್ಸ್‌ಪೆಕ್ಟರು. "ವಸ್ತು ತೆಗೆದು ಅಷ್ಟೇ ತೂಕದ ಹುಲ್ಲು ತುಂಬಿದ್ದಾನೆ. ಎಷ್ಟು ನಾಜೂಕು ನೋಡಿ."

ಕಿಟಕಿಯಲ್ಲಿದ್ದವರು ಭಾಮೈದನನ್ನು ನೋಡಿ ತಲೆದೂಗಿದರು. ಅವನು ಗೋಡೆಗೆ ಒರಗಿ ಬಲಭುಜ ತಿಕ್ಕಿಕೊಳ್ಳುತ್ತಿದ್ದ.

ಬೆಲೆ ಕಟ್ಟಲಾಗದು ಎಂದು ಬರೆದದ್ದು ಯಾರು, ನೀವೇ ತಾನೇ ಎಂದು ಇನ್ಸ್‌ಪೆಕ್ಟರು ಕೇಳಿದರು. ಪೊಟ್ಟಣ್ಣ ಹೌದು ಎಂದ. ಏನೂ ಇಲ್ಲದ್ದಕ್ಕೆ ಬೆಲೆ ಕಟ್ಟಲಾಗದು ಎಂದು ಯಾಕೆ ಬರೆದಿರಿ ಎಂದರು. ಪೊಟ್ಟಣ್ಣ ಗಂಟಲು ಸರಿಮಾಡಿಕೊಳ್ಳಲು ಹೋದವನು ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿ, ಬಿಟ್ಟ.

"ಜಂಬಕ್ಕೆ ಬರೆದೆ ಸಾರ್," ಎಂದ. "ಹಿಂದೆ ನಾಲ್ಕು ಜನ ಇದ್ದರು."

ಊರಿನಲ್ಲಿ ಯಾರೂ ಇಂಥ ಮಾತನ್ನು ಸರ್ಕಾರದ ಮುಂದೆ ಒಪ್ಪಿಕೊಂಡದ್ದಿರಲಿಲ್ಲ. ಇನ್ಸ್‌ಪೆಕ್ಟರ ಪೆನ್ನು ನಿಂತಿತು. ಜಂಬ ಎಂಬುದಕ್ಕೆ ಅವರ ಫಾರಂನಲ್ಲಿ ಕಲಮಿರಲಿಲ್ಲ. ಆ ಸಂದಿನಲ್ಲಿ ಹೆಂಡತಿ ಒಳಗೆ ಬಂದು, ಮೊಹರು ತೆಗೆದಾಗಿದ್ದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಗೂಡಿನಲ್ಲಿ ಎಳೆಹುಲ್ಲು ಒಂದೊಂದೂ ನೆಟ್ಟಗೆ ನಿಂತಿತ್ತು.

"ಸಾಹೇಬರೇ," ಎಂದಳು, "ಇದು ಯಾರೂ ಮಲಗದ ಹಾಸಿಗೆ. ಮಲಗಿ ಎದ್ದಿದ್ದರೆ ಬಾಗಿಲಿಂದ ನೋಡಿದ್ರೇ ಗೊತ್ತಾಗ್ತಿತ್ತು."

ಪೊಟ್ಟಣ್ಣನ ಬಾಯಿ ತೆರೆದುಕೊಂಡಿತು. ಇಪ್ಪತ್ತೆರಡು ವರ್ಷ ಹುಲ್ಲಿನ ಜೊತೆ ಬಾಳಿದ ತನಗೆ ಇದು ಹೊಳೆಯಲಿಲ್ಲವಲ್ಲ! ಮೊಟ್ಟೆಯಷ್ಟು ಹಗುರದ್ದು ಅರ್ಧ ಗಳಿಗೆ ಕೂತರೂ ಎಳೆಹುಲ್ಲು ಬಾಗುತ್ತದೆ, ಬಾಗಿದ ಮೇಲೆ ಏಳುವುದಿಲ್ಲ, ಕೂತದ್ದರ ಆಕಾರವನ್ನೇ ಹಿಡಿದುಕೊಂಡಿರುತ್ತದೆ. ಇದನ್ನೆಲ್ಲ ಅವನು ಒಂದೇ ಉಸಿರಿನಲ್ಲಿ ಹೇಳಿ, ಬೇಕಾದರೆ ಮಾಡಿ ತೋರಿಸುತ್ತೇನೆ, ಜೋಡಿ ಪೆಟ್ಟಿಗೆ ಮನೆಯಲ್ಲಿದೆ ಎಂದ.

ಜೋಡಿ ಪೆಟ್ಟಿಗೆ ಬಂತು. ಡಿಪೋದಿಂದ ಒಂದು ಮೊಟ್ಟೆ ಬಂತು. ಇನ್ಸ್‌ಪೆಕ್ಟರು ಮೊಟ್ಟೆಯ ಮೇಲೆ ಸಹಿ ಮಾಡಿದರು, ಪೋಸ್ಟ್ ಮಾಸ್ಟರ್ ಅಂಚೆಯ ಮುದ್ರೆ ಒತ್ತಲು ಹೋದಾಗ ಮೇಡಂ ಕೈ ಹಿಡಿದು ತಡೆದರು. ಪೊಟ್ಟಣ್ಣ ಮೇಜಿನ ಮುಂದೆ ನಿಂತು ಕಟ್ಟತೊಡಗಿದ.

ಆಮೇಲೆ ನಡೆದದ್ದನ್ನು ಊರಿನವರು ಬಹಳ ದಿನ ಹೇಳಿಕೊಂಡರು. ಅವನು ಕಟ್ಟುವುದನ್ನು ಅಲ್ಲಿಯವರೆಗೆ ಯಾರೂ ಕೂತು ನೋಡಿದವರಲ್ಲ. ಕಟ್ಟಿದ್ದನ್ನು ಬಿಚ್ಚಲಾರದೆ ಬೈದವರು ಮಾತ್ರ. ಈಗ ನೋಡಿದರು. ಕೈ ಆತುರಪಡಲಿಲ್ಲ, ನಿಲ್ಲಲೂ ಇಲ್ಲ. ಹುಲ್ಲಿನ ಜಡೆ ತಾನೇ ತನ್ನ ಜಾಗ ಹುಡುಕಿಕೊಂಡಂತೆ ಸುತ್ತಿಕೊಂಡಿತು. ರಟ್ಟಿನ ಒಂದು ಅಂಚು ಇನ್ನೊಂದರೊಳಗೆ ಹೋಗಿ ಕೂತಿತು, ಕೂತ ಸದ್ದೂ ಬರಲಿಲ್ಲ. ಟೈಲರು ಕಿಟಕಿಯ ಸರಳು ಹಿಡಿದು, ತನ್ನ ಅಂಗಡಿ ತೆರೆದಿದೆ ಎಂಬುದನ್ನು ಮರೆತು ನಿಂತ. ಮುಕ್ಕಾಲು ಗಂಟೆಯಾಯಿತು, ಒಬ್ಬನೂ ಕೆಮ್ಮಲಿಲ್ಲ.

ಕೊನೆಯ ಗಂಟು ಬಿದ್ದ ಮೇಲೆ ಪೊಟ್ಟಣ್ಣ ಪೆಟ್ಟಿಗೆಯನ್ನು ಭಾಮೈದನ ಕೈಗೆ ಕೊಟ್ಟು, "ಮಹಡಿ ಮೇಲಿಂದ ಎಸಿ," ಎಂದ.

ಭಾಮೈದ ಮೆಟ್ಟಿಲು ಹತ್ತಿದ. ಹದಿನಾಲ್ಕು ವರ್ಷ ಎಲ್ಲವನ್ನೂ ಮೆಲ್ಲಗೆ ಇಳಿಸಿದವನು ಅಂದು ಮೊದಲ ಸಲ, ಎರಡೂ ಕೈ ಎತ್ತಿ, ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ಸೇರಿಸಿ ಎಸೆದ. ಪೆಟ್ಟಿಗೆ ಅಂಗಳದ ಕಲ್ಲಿನ ಮೇಲೆ ಬಿದ್ದು, ಪುಟಿದು, ಎರಡು ಪಲ್ಟಿ ಹೊಡೆದು, ಇನ್ಸ್‌ಪೆಕ್ಟರ ಬೂಟಿನ ಹತ್ತಿರ ಬಂದು ನಿಂತಿತು.

ಬಿಚ್ಚಿದಾಗ ಮೊಟ್ಟೆ ಸಹಿಯ ಸಮೇತ ಇಡಿಯಾಗಿತ್ತು. ಅದನ್ನು ಎತ್ತಿದರು. ಕೆಳಗೆ ಎಳೆಹುಲ್ಲು ಮೊಟ್ಟೆಯ ಆಕಾರಕ್ಕೇ ಮಲಗಿತ್ತು. ಇನ್ಸ್‌ಪೆಕ್ಟರು ಮಂಡಿಯೂರಿ ಕೂತು ಆ ಗೂಡನ್ನು ನೋಡಿದರು, ಎದ್ದು ಹೋಗಿ ಮೇಜಿನ ಮೇಲಿನ ಗೂಡನ್ನು ನೋಡಿದರು, ಮತ್ತೆ ಬಂದು ಇದನ್ನು ನೋಡಿದರು.

"ಏನೂ ಇರಲಿಲ್ಲ," ಎಂದರು ಕಡೆಗೆ. ಸ್ವಲ್ಪ ತಡೆದು, "ಆದರೂ ಬೆಲೆ ಕಟ್ಟೋದು ಕಷ್ಟವೇ," ಎಂದು ಸೇರಿಸಿದರು.

ಮೇಡಂ ಅಲ್ಲೇ ನಿಂತು ಮುಖ್ಯ ಕಚೇರಿಗೆ ವರದಿ ಬರೆದರು. ಅವರ ಹತ್ತು ಉದ್ಯಮಿಗಳ ಪಟ್ಟಿಯಲ್ಲಿ ಒಂದನೆಯ ಹೆಸರು ಬಿತ್ತು. ಬರೆಯುವಾಗ ಪೊಟ್ಟಣ್ಣ ತನ್ನ ನಿಜವಾದ ಹೆಸರು ಹೇಳಲು ಒಂದು ಗಳಿಗೆ ಯೋಚಿಸಬೇಕಾಯಿತು. ಅಷ್ಟರಲ್ಲಿ ಟೈಲರು ಮೆಲ್ಲಗೆ ಒಳಗೆ ಬಂದು, ಹೊಲಿಯುವುದು ಬಲ್ಲವನಿಗೆ ಈ ಕಟ್ಟುವುದು ಕಲಿಯಲು ಎಷ್ಟು ದಿನ ಬೇಕು ಎಂದು ಮೇಡಂ ಹತ್ತಿರ ವಿಚಾರಿಸತೊಡಗಿದ. ಮೇಡಂ ಎರಡನೆಯ ಹಾಳೆ ತಿರುಗಿಸಿದರು. ಕ್ಷೌರದಂಗಡಿಯವರು ಮಾತ್ರ ನೀಲಮಣಿಯನ್ನು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.

ಮಾದರಿ ಒಪ್ಪಿಗೆಯಾಯಿತು, ಖಾಲಿ ಶೆಡ್ಡಿನ ಬೀಗ ತೆಗೆದು ಯಂತ್ರ ಕೂರಿಸಿದರು. ಆ ವಾರವೇ ಭಾಮೈದನಿಗೂ ಕಾಯಂ ಆಜ್ಞೆ ಬಂತು. ಅವನು ಅದನ್ನು ಎದೆಗೆ ಒತ್ತಿಕೊಂಡು ಅಕ್ಕನ ಮನೆಗೆ ಓಡಿಬಂದ. ಪೊಟ್ಟಣ್ಣ ಸಂತೋಷದಿಂದ, ಕೊಡು, ಕೊಡು, ಮಡಿಕೆ ಬೀಳದ ಹಾಗೆ ಭದ್ರ ಮಾಡೋಣ ಎಂದು ಹುರಿ ಹುಡುಕಿದ.

"ಭಾವ, ಕೈ ಹಿಂದಕ್ಕೆ ಇಟ್ಕೊಂಡು ಓದಿ," ಎಂದ ಭಾಮೈದ. "ನಾನೇ ಹಿಡ್ಕೊಂಡಿರ್ತೀನಿ."

ಪೊಟ್ಟಣ್ಣ ಹಾಗೇ ಓದಿದ. ಕೊರಳಲ್ಲಿ ಸರ ಹಾಕಿಕೊಂಡಿದ್ದ ಹೆಂಡತಿ, ಗಂಡ ಅತ್ತ ಒಂದು ಹೆಜ್ಜೆ ಇಟ್ಟಾಗಲೆಲ್ಲ ಸೆರಗು ಸರಿಮಾಡಿಕೊಂಡಳು.

ಶೆಡ್ಡಿನಿಂದ ಹೊರಟ ಮೊದಲ ಪಾರ್ಸೆಲ್ ದೂರದ ಗಾಜಿನ ಕಾರ್ಖಾನೆಯೊಂದು ನೋಡಲೆಂದು ಕೇಳಿದ್ದ ಮಾದರಿ. ಪೊಟ್ಟಣ್ಣ ಅದನ್ನು ಅಂಚೆ ಕಚೇರಿಯ ಮೇಜಿನ ಮೇಲೆ ಇಟ್ಟಾಗ ಹಿಂದೆ ಸರತಿಯಲ್ಲಿ ಹನ್ನೆರಡು ಜನ ಇದ್ದರು. ಕಾಯಂ ನೌಕರನಾದ ಭಾಮೈದ ಪೆನ್ನು ತೆಗೆದು, ಕಚೇರಿಯ ದನಿಯಲ್ಲಿ, ಒಳಗೇನಿದೆ ಎಂದು ಕೇಳಿದ. ಪೊಟ್ಟಣ್ಣ ಹನ್ನೆರಡು ಜನರನ್ನೂ ತಿರುಗಿ ನೋಡಿದ. ಗಂಟಲು ಸರಿಮಾಡಿಕೊಳ್ಳಲಿಲ್ಲ.

ಭಾಮೈದ ಅವನು ಹೇಳಿದ್ದನ್ನು ಹೇಳಿದ ಹಾಗೇ ಫಾರಂನಲ್ಲಿ ಬರೆದ. ಆಮೇಲೆ ಕೆಂಪು ಶಾಯಿ ತೆಗೆದುಕೊಂಡು ಪೆಟ್ಟಿಗೆಯ ಮೇಲೂ ದಪ್ಪ ಅಕ್ಷರದಲ್ಲಿ ಅದನ್ನೇ ಬರೆದು, ಪಕ್ಕಕ್ಕೆ ತನ್ನದೊಂದು ಮಾತು ಸೇರಿಸಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬಸ್ಸಿನ ಕಡೆ ನಡೆದ: 'ಏನೂ ಇಲ್ಲ. ಜೋಪಾನ.'